ನಗುಮುಖದ ಮೇಲಿಟ್ಟ ಬೆರಳು

ನನ್ನ ಚಿನಕುರಳಿ,

ನಿನ್ನನ್ನು ಆಪರೇಷನ್ ಥಿಯೇಟರಿನೊಳಗೆ ಕರೆದೊಯ್ದಾಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಿನ್ನ ಚಿತ್ರದ ಪುಸ್ತಕದಿಂದಲೇ ಹಾಳೆ ಹರಿದು ಬರೆಯುತ್ತಿದ್ದೇನೆ. ಎದ್ದ ಮೇಲೆ ಜಗಳ ಆಡು, ಆಡಲೇಬೇಕು.

ಬೆಳಿಗ್ಗೆ ನರ್ಸ್ ನಿನ್ನ ಮುಂದೆ ಮುಖಗಳ ಹಲಗೆ ಹಿಡಿದಳು. ಒಂದು ತುದಿಗೆ ನಗುವ ಮುಖ, ಇನ್ನೊಂದು ತುದಿಗೆ ಬಿಕ್ಕಿ ಅಳುವ ಮುಖ. "ಎಷ್ಟು ನೋವಿದೆ, ತೋರ್ಸು ಮರಿ" ಎಂದಳು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ನೀನು ಹೊಟ್ಟೆ ಹಿಡಿದು ಮುದುಡಿಕೊಂಡೇ ನಗುವ ಮುಖದ ಮೇಲೆ ಬೆರಳಿಟ್ಟೆ. ಹೊಸ್ತಿಲು ದಾಟುವಾಗಲೆಲ್ಲ ನಾನು ಹೇಳಿಕೊಟ್ಟದ್ದು ಅದನ್ನೇ ಅಲ್ಲವೇ? "ಬಿಳಿಯರ ಮುಂದೆ ನಗ್ತಾ ಇರು. ಗಲಾಟೆ ಮಾಡಿದ್ರೆ ಈ ಬಣ್ಣದವ್ರೇ ಹೀಗೆ ಅಂತಾರೆ." ನನಗೆ ನನ್ನಮ್ಮ ಹೇಳಿದ್ದೂ ಅದನ್ನೇ.

"ಇಲ್ಲ, ಇವಳಿಗೆ ತುಂಬ ನೋವಿದೆ" ಎಂದೆ. "ನಿಮ್ಮ ಜನ ಗಟ್ಟಿ ಅಲ್ವಾ, ತಡ್ಕೋತಾರೆ" ಎಂದು ಡಾಕ್ಟರು ನಿನ್ನ ಹೊಟ್ಟೆಯನ್ನೂ ಮುಟ್ಟದೆ ಮುಂದೆ ಹೋದರು. ಪಕ್ಕದ ಹಾಸಿಗೆಯ ಬಿಳಿ ಹುಡುಗ ಕಿರುಚಿ ವಾರ್ಡನ್ನೇ ಒಂದು ಮಾಡಿದ. ಅವನಮ್ಮ ಕೂಗಾಡಿದಳು. ಇಬ್ಬರು ಡಾಕ್ಟರು ಓಡಿ ಬಂದರು. ಅವಳ ಮೇಲೆ ನನಗೆ ಸಿಟ್ಟಿಲ್ಲ, ತಾಯಿ ತಾನೇ. ಆದರೆ ಅಷ್ಟೇ ಜೋರಾಗಿ ನಾನು ಕೂಗಿದಾಗ ಓಡಿ ಬಂದದ್ದು ಸೆಕ್ಯುರಿಟಿಯವನು. "ಸ್ವಲ್ಪ ಹೊರಗ್ ಬನ್ನಿ, ಅಕ್ಕಾ" ಎಂದ. ಅವನೂ ನಮ್ಮ ಬಣ್ಣದವನೇ, ನನ್ನ ಮುಖ ನೋಡಲಿಲ್ಲ.

ಮಂಚದ ಕಂಬಿ ಬಿಡದೆ ನಿಂತೆ. ಅಷ್ಟರಲ್ಲಿ ನೀನು ಕಣ್ಣು ಮೇಲೆ ಮಾಡಿದೆ. ಆಮೇಲೆ ಎಲ್ಲರಿಗೂ ಕಾಲು ಬಂತು. ಅಪೆಂಡಿಕ್ಸ್ ಒಡೆದಿದೆಯಂತೆ. "ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ಅದೇ ಡಾಕ್ಟರು ನನ್ನನ್ನು ಕೇಳಿದರು. ಮಗಳೇ, ನನಗೆ ಮೈಯೆಲ್ಲ ಉರಿಯುತ್ತಿದೆ. ನೀನು ಹೊರಗೆ ಬಂದರೆ ಸಾಕು.

ಬಾಗಿಲು ತೆರೆದ ಸದ್ದಿಗೆ ಪತ್ರ ಅರ್ಧಕ್ಕೇ ಬಿಟ್ಟು ಓಡಿದ್ದೆ. ಈಗ ಸಂಜೆ. ನೀನು ಬದುಕಿದ್ದೀಯ, ನನ್ನ ಬಂಗಾರ. ಎಚ್ಚರವಾದಾಗ ನರ್ಸ್ ಮತ್ತೆ ಅದೇ ಹಲಗೆ ಹಿಡಿದಳು. ನೀನು ಮೊದಲು ನೋಡಿದ್ದು ಹಲಗೆಯನ್ನಲ್ಲ, ನನ್ನನ್ನು. ಅಳಲು ನನ್ನ ಅಪ್ಪಣೆ ಕೇಳುತ್ತಿದ್ದೆ. ನಾನು ಹೂಂ ಎಂದು ತಲೆಯಾಡಿಸಿದೆ. ನೀನು ಕೊನೆಯ ಮುಖದ ಮೇಲೆ ಬೆರಳು ಒತ್ತಿ, ಸೂರು ಹಾರಿಹೋಗುವಂತೆ ಅತ್ತೆ. "ಶ್, ಬೇರೆ ಮಕ್ಕಳಿದಾರೆ" ಎಂದಳು ನರ್ಸ್. "ಅಳಲಿ ಬಿಡಿ. ಮೊದ್ಲು ಔಷಧಿ ತನ್ನಿ" ಎಂದೆ. ತಂದಳು.

ಈಗ ಮಲಗಿದ್ದೀಯ. ಔಷಧಿಯ ಅಮಲು ಇಳಿಯುತ್ತದೆ, ನೋವು ತಿರುಗಿ ಬರುತ್ತದೆ, ಇನ್ನೊಬ್ಬ ನರ್ಸ್ ಅದೇ ಹಲಗೆ ಹಿಡಿದು ಬರುತ್ತಾಳೆ. ಆಗ ನನ್ನ ಮುಖ ನೋಡಬೇಡ.

ನಿನ್ನ ದನಿ ಎಲ್ಲಿಯೂ ಅಡಗದಿರಲಿ, ಕಂದಾ.

ನಿನ್ನ ಜೊತೆ ಕೂಗಲು ಗಂಟಲು ಸರಿಮಾಡಿಕೊಂಡು ಕೂತಿರುವ
ಅಮ್ಮ