ಗೋಲಿನ ಮುಂದೆ ಅಕ್ಕ

ಲೇ ವಿಶ್ವ,

ಪಂಚನಹಳ್ಳಿ ರಸ್ತೆಯಲ್ಲಿ ಬೈಕ್ ಬಿದ್ದು ನೀನು ಹೋದ ಮೇಲೆ, ನಿನ್ನ ಲ್ಯಾಪ್‌ಟಾಪ್ ತೆರೆದದ್ದು ಇವತ್ತೇ. ತರೀಕೆರೆಯಲ್ಲಿ ಯಾರಿಗಾದರೂ ಮಾರೋಣ ಎಂದುಕೊಂಡಿದ್ದೆ. ಆನ್ ಮಾಡಿದರೆ ಎದುರಾದದ್ದು ನೀನು ಹಗಲೆಲ್ಲ ಕೂತು ಫುಟ್‌ಬಾಲ್ ತಂಡ ನಡೆಸುತ್ತಿದ್ದ ಆ ಆಟ.

ಇದೆಂಥಾ ತಂಡ ಕಣೋ? ಆಟಗಾರರಿಗೆಲ್ಲ ನಮ್ಮವರದೇ ಹೆಸರು. ತೆಂಗಿನಕಾಯಿ ಮಂಡಿಯಲ್ಲಿ ಕುರ್ಚಿ ಬಿಟ್ಟು ಏಳದ ಅಪ್ಪ ನಿನ್ನ ಸ್ಟ್ರೈಕರ್! ಅವರ ಅಕ್ಕಪಕ್ಕ ಮೂವರು, ಬೆನ್ನಿಗೇ ಉಳಿದವರು. ಡಿಫೆಂಡರ್‌ಗಳೂ ಅರ್ಧ ಮೈದಾನ ದಾಟಿ ನಿಂತಿದ್ದಾರೆ. ಹಿಂದೆ ಗೋಲ್‌ಕೀಪರ್ ಒಬ್ಬಳೇ. ಹೆಸರು ತನುಜಾ, ಅಂದರೆ ನಾನು.

ಹೀಗೆ ಆಡಿದರೆ ಗೆಲ್ಲುವುದಾದರೂ ಹೇಗೆ? ನೋಡೇಬಿಡೋಣ ಅನ್ನಿಸಿತು. ಮೊದಲು ನಾಲ್ವರನ್ನು ಹಿಂದಕ್ಕೆ ಕರೆಸಿ ಆಡಿಸಿದೆ. ನಮ್ಮವರು ಒಂದು ಗೋಲೂ ಹೊಡೆಯಲಿಲ್ಲ. ಮತ್ತೆ ನೀನು ನಿಲ್ಲಿಸಿದ್ದ ಹಾಗೆಯೇ ನಿಲ್ಲಿಸಿದೆ. ಅಪ್ಪನೇ ಎರಡು ಹೊಡೆದರು!

ಅಮ್ಮ ಬಂದು ಇಣುಕಿದಳು. “ಹಿಂದೆ ಯಾರೂ ಇಲ್ವಲ್ಲಮ್ಮಾ, ಇವ್ನಿಗೆ ಭಯ ಆಗ್ತಿರ್ಲಿಲ್ವಾ?” ಎಂದು ಕೇಳಿದೆ.

“ಅವನ ಫ್ರೆಂಡ್ ಚಿನ್ಮಯನೂ ಅದನ್ನೇ ಕೇಳೋನು ಕಣೇ. ‘ಹಿಂದೆ ಅಕ್ಕ ಇದ್ದಾಳೆ ಬಿಡೋ’ ಅನ್ನೋನು ಇವ್ನು” ಎಂದಳು.

ಅಷ್ಟರಲ್ಲಿ ಎದುರು ತಂಡದವನೊಬ್ಬ ಚೆಂಡು ಕಸಿದುಕೊಂಡು, ನಮ್ಮವರನ್ನೆಲ್ಲ ದಾಟಿ ಒಬ್ಬನೇ ನನ್ನ ಕಡೆಗೆ ಓಡಿಬಂದ. ನಾನು ಆಟವನ್ನು ಅಲ್ಲಿಗೇ ನಿಲ್ಲಿಸಿಬಿಟ್ಟೆ.

ಅವನಿನ್ನೂ ಹಾಗೇ ನಿಂತಿದ್ದಾನೆ, ಕಾಲ ಬಳಿ ಚೆಂಡು. ಮುಂದಕ್ಕೆ ಬಿಡಲು ಕೈ ಬರುತ್ತಿಲ್ಲ. ಹೇಳೋ ವಿಶ್ವ, ನಿನ್ನ ಆಟದಲ್ಲಾದರೂ ನಾನು ಚೆಂಡು ಹಿಡಿಯುತ್ತಿದ್ದೆನಾ?