ದೂರಿಗೆ ಹೊದಿಸಿದ ಶಾಲು

ದನಿಬಳಗದ ಮುಖ್ಯ ನಿರ್ವಾಹಕರಿಗೆ,

ಮಾನ್ಯರೇ,

ಒಬ್ಬ ಹೆಣ್ಣುಮಗಳು ನಿಮ್ಮ ಬಳಿ ದೂರು ತಂದಳು. ನೀವು ಅವಳಿಗೆ ಸನ್ಮಾನ ಮಾಡಿ ಕಳಿಸಿದಿರಿ. ದೂರು ಯಾರ ಮೇಲಿತ್ತೋ ಅವರ ಕೈಯಿಂದಲೇ ಅವಳಿಗೆ ಶಾಲು ಹೊದಿಸಿದಿರಿ. ಅದರ ಫೋಟೊವನ್ನು ನಾನೂರು ಸದಸ್ಯರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ‘ತಪ್ಪು ತಿಳುವಳಿಕೆ ಸುಖಾಂತ್ಯ’ ಎಂದು ಬರೆದಿರಿ. ಈ ಬಗ್ಗೆ ನಿಮಗೆ ಮೂರು ಇಮೇಲ್ ಕಳಿಸಿದೆ. ಉತ್ತರ ಬರಲಿಲ್ಲ. ಹಾಗಾಗಿ ನಾಲ್ಕನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ಬಳಗವನ್ನು ಅರಿಯದವರಿಗಾಗಿ ಒಂದೆರಡು ಮಾತು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ, ಅಂತರ್ಜಾಲದಲ್ಲಿ ಇಡುವವರು ನಾವು. ಯಾರಿಗೂ ಸಂಬಳವಿಲ್ಲ. ಎಷ್ಟೋ ಜನ ಒಬ್ಬರನ್ನೊಬ್ಬರು ನೋಡಿಯೂ ಇಲ್ಲ, ದನಿಯಿಂದಲೇ ಗುರುತು. ಐದು ವರ್ಷಗಳಿಂದ ನಾನು ಪದವಿ ತರಗತಿಗಳ ಕಾವ್ಯ ಓದುತ್ತಿದ್ದೇನೆ, ಸಾಲು ಎಲ್ಲಿ ಮುರಿಯಬೇಕು, ಉಸಿರು ಎಲ್ಲಿ ನಿಲ್ಲಿಸಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೇನೆ.

ಕಳೆದ ವರ್ಷ ಬಳಗಕ್ಕೊಂದು ನೀತಿಸಂಹಿತೆ ಬೇಕೆಂದು ನೀವೇ ಹೇಳಿದಿರಿ. ಚುನಾವಣೆ ಬಂದಾಗ ಮಾತ್ರ ಕೇಳುತ್ತಿದ್ದ ಶಬ್ದ ನಮ್ಮ ನಡುವೆಯೂ ಬಂತಲ್ಲ ಎಂದು ಸಂತೋಷಪಟ್ಟೆ. ಹನ್ನೊಂದು ನಿಯಮಗಳನ್ನು ಕನ್ನಡದಲ್ಲಿ ಬರೆದುಕೊಟ್ಟವಳು ನಾನು. ಅಂಗೀಕಾರದ ದಿನ ಪೇಡೆ ಹಂಚಿದಿರಿ. ಏಳನೆಯ ನಿಯಮ ನಿಮಗೆ ನೆನಪಿದೆಯೇ? ‘ದೂರು ಕೊಟ್ಟವರ ಹೆಸರು ವಿಚಾರಣಾ ಸಮಿತಿಯ ಮೂವರ ಆಚೆಗೆ ಹೋಗತಕ್ಕದ್ದಲ್ಲ.’ ಬರೆದ ನನಗೆ ಅದು ನಿಯಮ. ಅಂಗೀಕರಿಸಿದ ನಿಮಗೆ ಅದು ಏನಾಗಿತ್ತು?

ದೂರು ಕೊಟ್ಟವಳನ್ನು ನೇತ್ರಾ ಎಂದು ಕರೆಯುತ್ತೇನೆ. ಅವಳ ಒಪ್ಪಿಗೆ ಕೇಳಿ, ಅವಳದೂ ಮನೆಯವರದೂ ಹೆಸರು ಬದಲಿಸಿ ಬರೆಯುತ್ತಿದ್ದೇನೆ. ಇಷ್ಟು ಸಣ್ಣ ಕೆಲಸ ನಿಮ್ಮಿಂದಲೂ ಆಗಬಹುದಿತ್ತು. ಊರನ್ನು ಮಾತ್ರ ಬದಲಿಸಿಲ್ಲ; ತಿಕೋಟಾಕ್ಕೆ ನೀವು ಹಾಕಿದ ಫೋಟೊ ಆಗಲೇ ತಲುಪಿದೆ.

ಅವಳು ತಿಕೋಟಾದ ಒಂದು ಒಕ್ಕಲು ಮನೆಯ ಸೊಸೆ. ಹೊರಗಿನ ಗದ್ದಲ ಒಳಗೆ ಬರದಂತೆ ಅತ್ತೆ ಹೊಲಿದ ದಪ್ಪ ಕೌದಿಗಳನ್ನು ಸುತ್ತ ಇಳಿಬಿಟ್ಟು, ನಡುವೆ ಕುಳಿತು ಓದುತ್ತಿದ್ದಳು. “ಸೊಸಿಗೆ ಥಂಡಿಜ್ವರ ಬಂದೈತೇನ ರೇಣುಕವ್ವಾ, ಬ್ಯಾಸಿಗ್ಯಾಗ ಕೌದಿ ಒಳಗ ಕುಂತು ಬಡಬಡಸ್ತಾಳ” ಎಂದು ಓಣಿಯವರು ನಗುತ್ತಿದ್ದರಂತೆ. “ಜ್ವರ ಅಲ್ಲಬೇ, ಸಾಲಿ. ನಮ್ಮನ್ಯಾಗ ಕಾಲೇಜ ನಡೀತೈತಿ” ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು.

ಬಳಗದ ಹಿರಿಯ ಓದುಗರೊಬ್ಬರು ಅವಳಿಗೆ ಮೆಸೇಜು ಕಳಿಸತೊಡಗಿದರು. ಮೊದಲು ಉಚ್ಚಾರದ ಹೊಗಳಿಕೆ. ಆಮೇಲೆ ದನಿಯದು. ಆಮೇಲೆ, ಆ ದನಿಯಲ್ಲಿ ತಮ್ಮ ಹೆಸರನ್ನು ಮೆಲ್ಲಗೆ ಹೇಳಿ ಕಳಿಸಬೇಕೆಂಬ ಬೇಡಿಕೆ. ಬೇಡವೆಂದು ಎರಡು ಸಲ ಬರೆದಳು. ಮೆಸೇಜುಗಳು ಮೂವತ್ತನಾಲ್ಕಾದವು.

“ಅಕ್ಕಾರ, ದೂರ ಕೊಟ್ರ ನಾಳೆ ನನ್ನ ಹೆಸರ ನಾಕ ಮಂದಿ ಬಾಯಾಗ ಬರೂದಿಲ್ಲೇನ್ರಿ?” ಎಂದು ನನ್ನನ್ನು ಕೇಳಿದಳು.

“ಏ ಹುಚ್ಚಿ, ನಿಯಮದಾಗ ಬರದೇವಿ. ಮೂರು ಮಂದಿ ಬಿಟ್ಟು ಯಾರಿಗೂ ಗೊತ್ತಾಗಂಗಿಲ್ಲ” ಎಂದೆ. ಅವಳ ದೂರು ಏಳೇ ಸಾಲು. ಅದನ್ನು ಬರೆಯಲು ಒಂಬತ್ತು ದಿನ ಹಿಡಿಯಿತು. ನಾನು ಕವಿತೆಗಳ ಜೊತೆ ಬದುಕಿದವಳು. ಅಳೆದು ಬರೆದ ಸಾಲು ನೋಡಿದರೆ ತಿಳಿಯುತ್ತದೆ. ಒಂದು ಬಿರುಸು ಮಾತೂ ಅದರಲ್ಲಿರಲಿಲ್ಲ.

‘ಹೇಳಿಕೆ ಕೊಡಲು’ ಬಾ ಎಂದು ಅವಳನ್ನು ವಿಜಯಪುರದ ಗಾಂಧಿ ಚೌಕದ ಹತ್ತಿರದ ಹೋಟೆಲಿಗೆ ಕರೆದಿರಿ. ಹೋದರೆ, ನೀವೂ ಸೇರಿದಂತೆ ಸಮಿತಿಯ ಮೂವರ ಜೊತೆ ಆ ಹಿರಿಯರೂ ಕುಳಿತಿದ್ದರು.

“ಬಾ ತಂಗಿ, ಮೊದಲ ಚಾ ಕುಡಿ. ಹಿಂಗ ಸಣ್ಣ ಸಣ್ಣ ಮಾತ ಹಿಡಕೊಂಡ ಕುಂತ್ರ ಸಂಸಾರ ನಡೀತಾವೇನು?” ಎಂದರಂತೆ ನಿಮ್ಮ ಸಮಿತಿಯವರೊಬ್ಬರು.

“ಸಂಸಾರ ಅಲ್ರೀ ಇದು. ಪುಸ್ತಕಾ ಓದೂ ಬಳಗ” ಎಂದಳಂತೆ.

“ಶಾಣ್ಯಾ ಅದಾಳ ನೋಡ್ರಿ!” ಎಂದು ಎಲ್ಲರೂ ನಕ್ಕಿರಿ. ಚೀಲದಿಂದ ಶಾಲು ಹೊರಬಂತು. ಅವಳು ಏಳುವಷ್ಟರಲ್ಲಿ ಆ ಹಿರಿಯರು ಅದನ್ನು ಅವಳ ಹೆಗಲಿಗೆ ಹಾಕಿ, ಸರಿಪಡಿಸಿ, ಪಕ್ಕಕ್ಕೆ ನಿಂತರು. ಮಾನ್ಯರೇ, ಅಂದಿನವರೆಗೆ ಆ ಮನುಷ್ಯ ಅವಳ ಫೋನಿನೊಳಗಿನ ಅಕ್ಷರಗಳಷ್ಟೇ ಆಗಿದ್ದರು. ಅವಳನ್ನು ಮುಟ್ಟುವ ಅವಕಾಶವನ್ನು ಒದಗಿಸಿಕೊಟ್ಟದ್ದು ನಿಮ್ಮ ನ್ಯಾಯ.

ನಿಮ್ಮದು ದುಷ್ಟತನವೆಂದು ನಾನು ಹೇಳಲಾರೆ. ನಮ್ಮ ಕಡೆ ಜಗಳಕ್ಕೆ ಚಹಾ, ಮುನಿಸಿಗೆ ಶಾಲು. ಅಣ್ಣತಮ್ಮಂದಿರ ಬದುವಿನ ಜಗಳ ಹಾಗೆ ಮುಗಿದದ್ದನ್ನು ನಾನೂ ಕಂಡಿದ್ದೇನೆ. ಆದರೆ ಅಲ್ಲಿ ಇಬ್ಬರದೂ ಜಗಳ. ನೇತ್ರಾ ಯಾರೊಡನೆ ಜಗಳವಾಡಿದ್ದಳು? ನಿಮಗೆ ಫೋನು ಮಾಡಿದಾಗ, “ಮೇಡಂ, ಅವರು ಇನ್ನೂರು ತಾಸು ಓದ್ಯಾರ್ರೀ. ಅಂಥಾ ಮನಶ್ಯಾನ್ನ ಕಳಕೊಳ್ಳೂದು ಛಲೋ ಏನ್ರಿ?” ಎಂದಿರಿ. ನೇತ್ರಾ ಓದಿದ್ದು ಅರವತ್ತು ತಾಸು. ಗೌರವವೂ ಗಂಟೆಯ ಲೆಕ್ಕದಲ್ಲಿ ಸಿಗುವುದಾದರೆ ಅದನ್ನೂ ಒಂದು ನಿಯಮವಾಗಿ ಬರೆಸಬೇಕಿತ್ತು. ಬರೆದುಕೊಡುತ್ತಿದ್ದೆ.

ನನ್ನ ತಪ್ಪನ್ನೂ ಇಲ್ಲಿಯೇ ಹೇಳಬೇಕು. ನಾಲ್ಕು ವರ್ಷಗಳ ಹಿಂದೆ ಅದೇ ಹಿರಿಯರು ಅದೇ ಬೇಡಿಕೆಯನ್ನು ನನಗೂ ಕಳಿಸಿದ್ದರು. ಗಂಡನಿಗೆ ತೋರಿಸಿದೆ, ಇಬ್ಬರೂ ನಕ್ಕೆವು, ಅಳಿಸಿಹಾಕಿದೆ. ಈ ವಯಸ್ಸಿನಲ್ಲಿ ನನಗೇನು ಭಯ ಎಂದುಕೊಂಡೆ. ನನಗೆ ಭಯವಿಲ್ಲದ್ದು ಇನ್ನೊಬ್ಬಳಿಗೆ ಏನಾದೀತೆಂದು ಯೋಚಿಸಲಿಲ್ಲ. ಆ ನಗುವಿಗಾಗಿ ನೇತ್ರಾಳ ಕ್ಷಮೆ ಕೇಳಿದ್ದೇನೆ. “ಇರಲಿ ಬಿಡ್ರಿ ಅಕ್ಕಾರ” ಎಂದಳು. ಅದು ಕ್ಷಮೆಯೋ ದಣಿವೋ ತಿಳಿಯಲಿಲ್ಲ.

ಫೋಟೊ ನೋಡಿದ ಅವಳ ಮಾವ ಬಸಗೊಂಡಪ್ಪನವರು ಕೂಗಾಡಲಿಲ್ಲ. “ನಿನ್ನ ಮ್ಯಾಲ ನಮಗ ಸಂಶೆ ಇಲ್ಲವ್ವಾ. ಆದ್ರ ಕೇಳಿದವರಿಗೆಲ್ಲಾ ನಾ ಏನಂತ ಹೇಳ್ಲಿ? ಸಾಕ ಮಾಡು” ಎಂದರಂತೆ. ಕೂಗಾಡಿದ್ದರೆ ಅವಳು ಎದುರಾಡುತ್ತಿದ್ದಳು. ಮೆತ್ತಗೆ ಹೇಳಿದ್ದರಿಂದ ಕೌದಿಗಳನ್ನು ಮಡಿಚಿಟ್ಟಳು. ಇಪ್ಪತ್ತಾರು ದಿನಗಳಿಂದ ಓದಿಲ್ಲ. ಬಬಲೇಶ್ವರದ ಮಹಾನಂದಾ, ಬಿ.ಎ. ಕೊನೆಯ ವರ್ಷದವಳು, ಅವಳ ದನಿಯಲ್ಲೇ ಇತಿಹಾಸ ಕೇಳುತ್ತಿದ್ದಳು. “ತಿಕೋಟಾದ ಅಕ್ಕಾರು ಆರಾಮ ಅದಾರಿಲ್ರಿ? ಅವರು ಓದಿದ್ರ ನನಗ ನೆನಪ ಉಳೀತಿತ್ರಿ” ಎಂದು ನನ್ನನ್ನು ಕೇಳುತ್ತಾಳೆ. ಉಳಿದ ಪಾಠಗಳನ್ನು ನಾನು ಓದಿಕೊಟ್ಟೇನು. ಆದರೆ ಅವಳ ಪ್ರಶ್ನೆಗೆ ಏನು ಹೇಳಲಿ?

ನಾನು ಕೇಳುವುದು ಇಷ್ಟು. ಫೋಟೊ ಹಾಕಿದ ಅದೇ ಗುಂಪಿನಲ್ಲಿ, ನಿಮ್ಮ ಹೆಸರಿನಲ್ಲೇ ಬರೆಯಿರಿ: ಅವಳು ರಾಜಿಗೆ ಒಪ್ಪಿರಲಿಲ್ಲ, ದೂರು ಇನ್ನೂ ಮುಗಿದಿಲ್ಲ, ಕರೆಸಿದ್ದೂ ಫೋಟೊ ಹಾಕಿದ್ದೂ ನಮ್ಮ ತಪ್ಪು. ಆ ಹಿರಿಯರ ಸ್ನೇಹಿತರಲ್ಲದ ಮೂವರು ದೂರನ್ನು ಮೊದಲಿನಿಂದ ಕೇಳಲಿ. ಅಲ್ಲಿಯವರೆಗೆ ಆ ಹಿರಿಯರು ಗುಂಪಿನಿಂದ ಹೊರಗಿರಲಿ. ನೀವು ಬರೆದದ್ದನ್ನು ಹಿಡಿದುಕೊಂಡು ನಾನೇ ತಿಕೋಟಾಕ್ಕೆ ಹೋಗಿ ಬಸಗೊಂಡಪ್ಪನವರಿಗೆ ಓದಿ ಹೇಳುತ್ತೇನೆ. ಕೇಳಿದವರಿಗೆ ಹೇಳಲು ಅವರಿಗೊಂದು ಮಾತು ಬೇಕಾಗಿದೆ. ಓದಬೇಕೋ ಬೇಡವೋ ಎಂಬುದನ್ನು ಆಮೇಲೆ ನೇತ್ರಾ ತೀರ್ಮಾನಿಸಲಿ.

ಮುಂದಿನ ತಿಂಗಳು ಹನ್ನೆರಡು ಜನ ಹೊಸ ಓದುಗರು ಸೇರುತ್ತಿದ್ದಾರೆ. ಒಂಬತ್ತು ಜನ ಹೆಣ್ಣುಮಕ್ಕಳು. ಮೊದಲ ದಿನ ಅವರಿಗೆ ನೀತಿಸಂಹಿತೆ ಕಳಿಸುವುದು ನನ್ನ ಪಾಲಿನ ಕೆಲಸ. ಅಷ್ಟರೊಳಗೆ ನೀವು ಬರೆಯದಿದ್ದರೆ, ಅದರ ಬದಲು ಈ ಪತ್ರವನ್ನು ಕಳಿಸುತ್ತೇನೆ.

ಇಂತಿ,
ಇದನ್ನು ಬರೆದದ್ದಕ್ಕೆ ತನಗೂ ಒಂದು ಶಾಲು ಕಾದಿದೆಯೇನೋ ಎಂಬ ಅಂಜಿಕೆಯಲ್ಲಿರುವ,
ಅನುರಾಧಾ
ಅಥಣಿ ರಸ್ತೆ, ವಿಜಯಪುರ