ಒಂದರ ಕೀ ಮೇಲಿನ ಕುಂಕುಮ

14-9-87, ಸೋಮವಾರ

ಹನ್ನೊಂದು ಪತ್ರ, ಎರಡು ಮೆಮೊ, ಒಂದು ಟೆಂಡರ್ ನೋಟಿಸ್, ಅದಕ್ಕೆ ಐದು ಕಾರ್ಬನ್. ರಿಬ್ಬನ್ ಬದಲಿಸಿದೆ. ಬೆರಳೆಲ್ಲ ನೀಲಿ. ಆ ಕೈಯಲ್ಲೇ ಊಟ.

ಮಧ್ಯಾಹ್ನ ಜೀಪಿನಲ್ಲಿ ಕಂಪ್ಯೂಟರ್ ಬಂತು. ನಾಲ್ಕು ಡಬ್ಬಿ. ಸಾಹೇಬರು ಸ್ಟೋರ್ ರೂಮಿಗೆ ಸುಣ್ಣ ಹೊಡೆಸಿ, ಪರದೆ ಹಾಕಿಸಿ, ಎರಡು ಫ್ಯಾನ್ ಕೂರಿಸಿದ್ದಾರೆ. ಒಳಗೆ ಹೋಗುವವರು ಚಪ್ಪಲಿ ಹೊರಗೇ ಬಿಡಬೇಕಂತೆ. ಕಸ ಹೊಡೆಯುವ ಚಾಂದಬೀ ನಕ್ಕು ನಕ್ಕು ಸಾಕಾದಳು. “ಮಸೂತಿ ಮಾಡಿಟ್ಟಾರ ನೋಡ್ರಿ ಅಕ್ಕಾರ. ಇನ್ನ ಕೈಕಾಲು ತೊಳಕೊಂಡು ಹೋಗು ಅಂತಾರ.”

ನಮ್ಮ ನೀರಾವರಿ ಆಫೀಸಿಗೆ ಸೇರಿದ ಆರು ಉಪಕಾಲುವೆಗಳ ಮೂರು ವರ್ಷದ ಗೇಜು ಚೀಟಿ ಗೋಣಿಚೀಲದಲ್ಲಿ ಬಿದ್ದಿವೆ. ಯಾವ ದಿನ ಎಷ್ಟು ಅಡಿ ನೀರು ಅನ್ನುವುದೆಲ್ಲ ಮಶಿನ್ನಿಗೆ ಹೋಗಬೇಕು. ಯಾರು ಹಾಕುವವರು? ಸಾಹೇಬರು ನನ್ನ ಕಡೆ ನೋಡಿದರು. “ಗುರುಲಿಂಗಮ್ಮ, ನೀವೇ ಕೂಡ್ರಿ.”

ಆಗಲಿ ಅಂದೆ, ಏನೂ ಆಗದವರ ಹಾಗೆ. ಒಳಗೊಳಗೇ ಕುಣಿಯುವಷ್ಟು ಖುಷಿ. ಅದನ್ನು ಇಲ್ಲಿ ಬರೆದರೆ ಯಾರೂ ನೋಡುವುದಿಲ್ಲ.

17-9-87

ಕಲಿಸಲು ರಾಯಚೂರಿನಿಂದ ವೆಂಕೋಬ ಅನ್ನುವವರು ಬಂದಿದ್ದಾರೆ. ಹತ್ತು ದಿನ ಇರುತ್ತಾರೆ. ಮೊದಲು ಹೈದರಾಬಾದಿನಲ್ಲಿ ರಟ್ಟಿನ ಕಾರ್ಡಿಗೆ ತೂತು ಹೊಡೆಯುವ ಕೆಲಸ ಮಾಡಿದ್ದರಂತೆ. ಒಂದು ತೂತು ತಪ್ಪಿದರೆ ಇಡೀ ಕಾರ್ಡು ಕಸಕ್ಕೆ. “ನೀವು ಪುಣ್ಯವಂತ್ರು. ತಪ್ಪಾದ್ರ ಹಿಂದಕ್ಕ ಬಂದು ಅಳಿಸಬಹುದು.”

ಕೀಬೋರ್ಡ್ ನೋಡಿ ನಗು ಬಂತು. ನಮ್ಮ ಟೈಪ್‌ರೈಟರಿನ ತಮ್ಮನೇ. ಅಕ್ಷರಗಳು ಅಲ್ಲಲ್ಲೇ ಇವೆ. ಆದರೆ ಒತ್ತಿದರೆ ಸದ್ದಿಲ್ಲ, ಸಾಲಿನ ಕೊನೆಗೆ ಗಂಟೆ ಇಲ್ಲ. ಸಾಲು ಮುಗಿದಾಗ ಎಡಗೈ ತಾನಾಗಿಯೇ ಮೇಲೆ ಹೋಗಿ ಕ್ಯಾರೇಜ್ ತಳ್ಳಿತು. ಅಲ್ಲಿ ಕ್ಯಾರೇಜ್ ಎಲ್ಲಿದೆ, ವೆಂಕೋಬರ ಚಹಾದ ಲೋಟ ಇತ್ತು. ಪಾಪ, ಅಂಗಿ ಹಾಳಾಯಿತು.

“ಪರದೆ ನೋಡಿಕೋತ ಹೊಡೀರಿ, ಅಕ್ಕಾರ.”

“ಹದಿನೇಳು ವರ್ಷ ಆತ್ರಿ ನಾ ಕೀ ನೋಡಿಲ್ಲ, ಹೊಡೆದದ್ದೂ ನೋಡಿಲ್ಲ. ಕಣ್ಣು ಕಾಗದದ ಮ್ಯಾಗ. ಹಂಗ ಕಲ್ತಾಕಿ ನಾನು.”

ಗಡಿಯಾರ ಹಿಡಿದು ನನ್ನ ವೇಗ ನೋಡಿದರು. ಆಮೇಲೆ ಪರದೆಯ ಮಾತು ಎತ್ತಲಿಲ್ಲ.

1-10-87, ಆಯುಧಪೂಜೆ

ಜೀಪಿಗೆ ನಿಂಬೆಹಣ್ಣು, ನನ್ನ ಟೈಪ್‌ರೈಟರಿಗೆ ಸೇವಂತಿಗೆ. ಕಂಪ್ಯೂಟರಿಗೆ ಡಬ್ಬಿಯ ಮೇಲೆ ಮಾತ್ರ ಕುಂಕುಮ ಇಡಬೇಕು, ಬೇರೆ ಎಲ್ಲೂ ಮುಟ್ಟಬಾರದು ಎಂದು ಸಾಹೇಬರ ಆರ್ಡರ್. ಅವರು ಆ ಕಡೆ ತಿರುಗಿದಾಗ ಮೇಲಿನ ಅಂಕಿಗಳ ಸಾಲಿಗೆ ಒಂದೊಂದು ಬೊಟ್ಟು ಇಟ್ಟೆ. ದುಡಿಯುವವು ಅವು, ಪೂಜೆ ಡಬ್ಬಿಗೆ ಅಂದರೆ ನ್ಯಾಯವೇ? ವೆಂಕೋಬ ಇದ್ದಿದ್ದರೆ ಕೂಗಾಡುತ್ತಿದ್ದರು. ಸದ್ಯ, ಊರಿಗೆ ಹೋಗಿಯಾಗಿದೆ. ಕೀಬೋರ್ಡಿಗೆ ಒದ್ದೆ ಬಟ್ಟೆ ತಾಗಿಸಬೇಡಿ ಎಂದು ನೂರು ಸಲ ಹೇಳಿ ಹೋದರು. ನಾನಂತೂ ಒಣ ಬಟ್ಟೆಯನ್ನೂ ತಾಗಿಸುವುದಿಲ್ಲ.

ಚುರುಮುರಿ, ಬಾಳೆಹಣ್ಣು. ಬೇಗ ಮನೆಗೆ.

21-10-87

ಎರಡು ಉಪಕಾಲುವೆ ಮುಗಿದವು. ಮೂರನೆಯದು ಅರ್ಧ. ತಣ್ಣಗಿನ ಕೋಣೆ, ಹಸಿರು ಅಕ್ಷರ, ಯಾರ ಗದ್ದಲವೂ ಇಲ್ಲ. ಚೀಟಿ ಎಡಕ್ಕೆ, ಬೆರಳು ಕೆಳಗೆ. ಸಂಜೆ ಐದು ಆದದ್ದು ಗೊತ್ತೇ ಆಗುವುದಿಲ್ಲ. ಇಷ್ಟು ಸುಖದ ಕೆಲಸಕ್ಕೆ ಪಗಾರ ಬೇರೆ ಕೊಡುತ್ತಾರೆ.

ಮನೆಯವರು ಬಟ್ಟೆ ಅಂಗಡಿಯಿಂದ ಬಂದು, “ಏನ್ ನಿನ್ನ ಮಶಿನ್ ಇವತ್ತ ಏನಂತು?” ಎಂದು ಕೇಳುತ್ತಾರೆ. ದಿನಾ ಅದೇ ಪ್ರಶ್ನೆ. ಬೇಸರವಿಲ್ಲ. ನಾಳೆ ದೀಪಾವಳಿ, ಕರ್ಚಿಕಾಯಿ ಆಗಬೇಕು.

12-11-87

ಮೂರು ವರ್ಷದ್ದು ಮುಗಿಯಿತು. ವೆಂಕೋಬ ಬಂದು ಮೊತ್ತ ತೆಗೆದರು. ಪ್ರಿಂಟರ್ ಕರ್‌ಕರ್ ಎಂದು ಗಜಗಟ್ಟಲೆ ಕಾಗದ ಉಗುಳಿತು. ತಿಂಗಳ ಮೊತ್ತ ಮಾತ್ರ, ದಿನದ್ದಿಲ್ಲ. ಅವರು ರಾಯಚೂರಿನ ಬಸ್ಸು ಹಿಡಿದ ಮೇಲೆ ಸಾಹೇಬರು ಓದಲು ಕುಳಿತರು.

ಐದು ಉಪಕಾಲುವೆ ಸರಿ ಇವೆ. ಹದಿನೇಳನೇ ನಂಬರಿನ ಕಾಲುವೆಯದು ಇಲ್ಲ. ನಾವು ಮೇಲಿನಿಂದ ಬಿಟ್ಟ ನೀರಿನಲ್ಲಿ ಕಾಲು ಪಾಲೂ ಗೇಜಿಗೆ ಮುಟ್ಟಿಲ್ಲ. ಅಲ್ಲಿನ ಗೇಜು ನೋಡುವವನು ಮುದುಕಪ್ಪ. ಇಪ್ಪತ್ತೆರಡು ವರ್ಷದ ಸರ್ವಿಸು, ಮಾರ್ಚಿಗೆ ರಿಟೈರ್. ದಿನಾ ಬೆಳಿಗ್ಗೆ ನಾಲ್ಕು ಮೈಲಿ ನಡೆದು ಕಲ್ಲಿನ ಮೇಲಿನ ನೀರಿನ ಮಟ್ಟ ಓದಿ ಚೀಟಿ ಬರೆಯುತ್ತಾನೆ.

ಕೊನೆಯ ಹೊಲದವರು ನೀರು ಸಾಲುತ್ತಿಲ್ಲವೆಂದು ಎಲ್ಲ ವರ್ಷದ ಹಾಗೆ ಈ ವರ್ಷವೂ ತಕರಾರು ಕೊಟ್ಟಿದ್ದರು. “ನಡುವ ಯಾರಿಗೋ ಮಾರಿಕೊಂಡಾನ,” ಅಂದರು ಸಾಹೇಬರು. ಆಮೇಲೆ ನನ್ನನ್ನು ಕೇಳಿದರು. “ನಿಮ್ಮ ಕೈಯಾಗ ಏನರ ತಪ್ಪಾಗೇತೇನು?”

ಒಂದು ತಿಂಗಳ ಚೀಟಿ ತೆಗೆದು ಪರದೆಯ ಜೊತೆ ಹೋಲಿಸಿದೆ. ಚೀಟಿಯಲ್ಲಿ 1.45, ಪರದೆಯಲ್ಲೂ ಹಾಗೇ. ಮುಂದಿನದೂ ಹಾಗೇ.

“ನನ್ನ ಕೈಯಾಗ ತಪ್ಪು ಬರಂಗಿಲ್ರಿ.”

ಸಾಹೇಬರು ತಲೆಯಾಡಿಸಿದರು. ಮುದುಕಪ್ಪನಿಗೆ ಮೆಮೊ. ಟೈಪ್ ಮಾಡಿದವಳು ನಾನೇ. ಒಂದೂ ತಪ್ಪಿಲ್ಲದೆ.

18-11-87

ಮುದುಕಪ್ಪ ಬಂದಿದ್ದ. ಧೋತರ, ಕೊಡೆ, ಕಂಕುಳಲ್ಲಿ ತನ್ನ ನೋಟ್‌ಬುಕ್ಕು. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಸಾಹೇಬರು ಒಳಗೆ ಕರೆಯಲಿಲ್ಲ.

“ನಾ ಕೊಟ್ಟ ಚೀಟಿ ನೋಡ್ರಿ ಸಾಹೇಬ್ರ. ನೀರು ಇದ್ದಷ್ಟ ಬರದೀನಿ. ಬೆರಳ ಮ್ಯಾಗ ಎಣಿಸಿದ್ರೂ ಲೆಕ್ಕ ಹತ್ತತೈತಿ.”

“ನಿನ್ನ ಬೆರಳು ದೊಡ್ಡದೋ, ಮಶಿನ್ ದೊಡ್ಡದೋ? ಚೀಟಿ ನೋಡೇ ಹಾಕ್ಯಾರ. ಗುರುಲಿಂಗಮ್ಮ ಹಾಕ್ಯಾರ.”

ಮುದುಕಪ್ಪ ನನ್ನ ಕಡೆ ತಿರುಗಿದ. “ಅಕ್ಕಾರ ಹಾಕಿದ್ರ ಸರೀನ ಇರತೈತಿ ಬಿಡ್ರಿ,” ಅಂದ. ಸಿಟ್ಟಿನಿಂದ ಅಂದದ್ದಲ್ಲ. ನಿಜವಾಗಿ ನಂಬಿ ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ಮನಸ್ಸಿಗೆ ಕಸಿವಿಸಿ. ಆದರೆ ತಪ್ಪು ಮಾಡಿದವನು ಅವನು, ನನಗೇಕೆ ಕಸಿವಿಸಿ?

4-12-87

ಮುದುಕಪ್ಪನನ್ನು ಗೇಜಿನ ಕೆಲಸದಿಂದ ಇಳಿಸಿ ಗೋಡೌನಿಗೆ ಹಾಕಿದ್ದಾರೆ. ಹದಿನೈದನೇ ತಾರೀಖು ಫೈಲು ಮೇಲಿನ ಆಫೀಸಿಗೆ ಹೋಗುತ್ತದೆ. ಹೋದರೆ ಸಸ್ಪೆಂಡು. ಪಿಂಚಣಿಗೂ ಕುತ್ತು.

ಚಾಂದಬೀ ಹೇಳಿದಳು: “ಅವನ ಊರಾಗ ನೀರು ಮಾರಿದಾವ ಅಂತ ಹೆಸರಿಟ್ಟಾರಂತ. ಹೆಂಡ್ತಿ ಯಮನೂರಮ್ಮ ಬಾವಿ ಕಡೆ ಹೋಗೋದ ಬಿಟ್ಟಾಳ.”

ಬೇರೇನೂ ಬರೆಯುವ ಮನಸ್ಸಿಲ್ಲ.

10-12-87, ಸಂಜೆ 5-30

ಆಫೀಸಿನಲ್ಲೇ ಕೂತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಕರೆಂಟು ಹೋಯಿತು. ಪರದೆ ಕಪ್ಪು. ಮಾಡಲು ಕೆಲಸವಿಲ್ಲದೆ ಕೀಬೋರ್ಡ್ ನೋಡುತ್ತ ಕೂತೆ. ನಾನು ಎಂದೂ ನೋಡದ ಕೀಬೋರ್ಡು. ಅಂಕಿಗಳ ಸಾಲು ನುಣ್ಣಗೆ ಹೊಳೆಯುತ್ತಿದೆ. ಎರಡು, ಮೂರು, ನಾಲ್ಕು... ಸೊನ್ನೆಯವರೆಗೂ ಯಾವುದರ ಮೇಲೂ ಕುಂಕುಮ ಉಳಿದಿಲ್ಲ. ನನ್ನ ಬೆರಳೇ ಒರೆಸಿದೆ. ಎಡತುದಿಯ ಒಂದರ ಕೀ ಮೇಲೆ ಮಾತ್ರ ಪೂಜೆಯ ದಿನದ ಬೊಟ್ಟು ಹಾಗೇ ಇದೆ. ದುಂಡಗೆ. ಅದರ ಮೇಲೆ ಧೂಳು.

ಎರಡು ತಿಂಗಳು ಸಾವಿರಾರು ಅಂಕಿ ಹೊಡೆದಿದ್ದೇನೆ. ಒಂದನ್ನು ಒಮ್ಮೆಯೂ ಒತ್ತಿಲ್ಲ.

ಹಾಗಾದರೆ ಒತ್ತಿದ್ದು ಏನು? ಬಲಗೈ ಉಂಗುರದ ಬೆರಳು ತಾನಾಗಿಯೇ ಹೇಳಿತು. ನನ್ನ ಟೈಪ್‌ರೈಟರಿನಲ್ಲಿ ಒಂದರ ಕೀ ಇಲ್ಲ. ಅಲ್ಲಿ ಅಂಕಿ ಶುರುವಾಗುವುದೇ ಎರಡರಿಂದ. ಒಂದು ಬೇಕಾದರೆ ಇಂಗ್ಲಿಷಿನ ಸಣ್ಣ ಎಲ್ ಹೊಡೆಯುತ್ತೇವೆ. ನೋಡಲು ಅದೇ ಕಡ್ಡಿ. ಇನ್‌ಸ್ಟಿಟ್ಯೂಟಿನಲ್ಲಿ ಮೊದಲ ವಾರವೇ ಹಾಗೆ ಕಲಿಸಿದ್ದು. ಹದಿನೇಳು ವರ್ಷ ಯಾವ ಸಾಹೇಬರೂ ತಪ್ಪು ಅಂದಿಲ್ಲ.

ಓದುವ ಮನುಷ್ಯನಿಗೆ ಅದು ಒಂದು. ಮಶಿನ್ನಿಗೆ ಅದು ಅಕ್ಷರ. ಅಂಕಿಯ ಮೊದಲಲ್ಲೇ ಅಕ್ಷರ ಕಂಡರೆ ಆ ದಿನದ ಲೆಕ್ಕ ಸೊನ್ನೆ.

ಮಿಕ್ಕ ಕಾಲುವೆ ದೊಡ್ಡವು. ನಾಲ್ಕು ಅಡಿ, ಐದು ಅಡಿ. ಅಲ್ಲಿ ಬಿಂದುವಿನ ಆಚೆ ಏನೋ ಚೂರು ಹೋಗಿದೆ, ಯಾರಿಗೂ ಗೊತ್ತಾಗಿಲ್ಲ. ಮುದುಕಪ್ಪನ ಕಾಲುವೆ ಸಣ್ಣದು. ಅಲ್ಲಿ ಹೆಚ್ಚು ದಿನ ಒಂದೂಕಾಲು, ಒಂದೂವರೆ. ಹೆಚ್ಚು ದಿನ ಒಂದರಿಂದಲೇ ಶುರು.

ಕರೆಂಟು ಬಂದ ಮೇಲೆ ಒಂದು ಚೀಟಿ ಎರಡೂ ತರ ಹೊಡೆದು ನೋಡಿದೆ. ಅನುಮಾನವಿಲ್ಲ.

ಅದೇ ದಿನ, ಊಟವಾದ ಮೇಲೆ

ಯಾರಿಗೂ ಗೊತ್ತಿಲ್ಲ. ಸುಮ್ಮನೆ ಹದಿನೇಳನೆಯದನ್ನು ತಿದ್ದಿ, ಮಶಿನ್ ಏನೋ ಕೆಟ್ಟಿತ್ತು ಎಂದರೆ ನಂಬುತ್ತಾರೆ. ಮುದುಕಪ್ಪನೂ ಉಳಿಯುತ್ತಾನೆ, ನನ್ನ ಹೆಸರೂ ಉಳಿಯುತ್ತದೆ. ಈ ವಿಚಾರ ಬಂದದ್ದು ನಿಜ, ಬರೆಯುತ್ತೇನೆ.

ಮನೆಯವರಿಗೆ ಹೇಳಿದೆ. “ಮಶಿನ್ ಕೆಟ್ಟಿತ್ತು ಅಂದ್ರ ಅವನ ಮ್ಯಾಲಿನ ಸಂಶೇ ಪೂರ್ತಿ ಹೋಗತೈತೇನು?” ಅಂದರು.

ಹೋಗುವುದಿಲ್ಲ. ಏನೋ ಮಾಡಿ ಪಾರಾದ ಅನ್ನುತ್ತಾರೆ. ಅವನು ನನ್ನನ್ನು ನಂಬಿ ಚಪ್ಪಲಿ ಮೆಟ್ಟಿಕೊಂಡು ಹೋದದ್ದು ಕಣ್ಣಿಗೆ ಕಟ್ಟಿದೆ.

11-12-87

ಹೇಳಿದೆ. ಕುಂಕುಮ ತೋರಿಸಿದೆ. ಸಾಹೇಬರು ಕೀಬೋರ್ಡಿಗೆ ಮೂಗು ತಾಗುವ ಹಾಗೆ ಬಗ್ಗಿ ನೋಡಿದರು. ಆಮೇಲೆ ಬೈದರು, ಬೊಟ್ಟು ಇಟ್ಟದ್ದಕ್ಕೂ ಸೇರಿಸಿ. ಹದಿನೇಳು ವರ್ಷದಲ್ಲಿ ಮೊದಲ ಸಲ ನನ್ನ ಸರ್ವಿಸ್ ಬುಕ್ಕಿನಲ್ಲಿ ಕಪ್ಪು ಮಾತು. ಜನವರಿಯಿಂದ ರಾಯಚೂರಿನ ಆಪರೇಟರ್ ಬರುತ್ತಾನಂತೆ. ನಾನು ವಾಪಸು ನನ್ನ ಹಳೇ ಮಶಿನ್ನಿಗೆ. ದುಃಖವಾಯಿತು. ಆ ತಣ್ಣಗಿನ ಕೋಣೆ ನನಗೆ ಬಹಳ ಹಿಡಿಸಿತ್ತು.

ಟ್ರಂಕ್ ಕಾಲ್ ಮಾಡಿದಾಗ, ಒಂದೇ ಕಮಾಂಡಿನಲ್ಲಿ ಎಲ್ಲ ಎಲ್‌ಗಳನ್ನು ಒಂದು ಮಾಡಬಹುದು ಎಂದರು ವೆಂಕೋಬ. ಸಾಹೇಬರು ಒಪ್ಪಲಿಲ್ಲ. ಮಶಿನ್ ಮೇಲಿನ ನಂಬಿಕೆ ಒಂದೇ ದಿನದಲ್ಲಿ ಇಳಿದಿದೆ. ಮೊದಲು ಹದಿನೇಳನೆಯದನ್ನು ಮತ್ತೆ ಕೈಯಲ್ಲೇ ಹಾಕಬೇಕು, ಒಬ್ಬರು ಓದಬೇಕು, ನಾನು ಪರದೆ ನೋಡಿಕೊಂಡೇ ಹೊಡೆಯಬೇಕು.

ಓದುವವನು ಮುದುಕಪ್ಪ.

19-12-87

ಎಂಟು ದಿನವೂ ಅವನು ಓದಿದ, ನಾನು ಹೊಡೆದೆ. “ಒಂದು ಪಾಯಿಂಟು ನಾಕು ಐದು... ಅವತ್ತ ಮಳಿ ಬಂದಿತ್ರಿ... ಒಂದು ಪಾಯಿಂಟು ಆರು.” ಎಡಗೈ ಕಿರುಬೆರಳು ಇಷ್ಟು ವರ್ಷ ಆರಾಮಾಗಿತ್ತು, ಈಗ ನೋಯುತ್ತಿದೆ. ನೋಯಲಿ.

ಮೊತ್ತ ತೆಗೆದೆವು. ಬಿಟ್ಟದ್ದಕ್ಕೂ ಮುಟ್ಟಿದ್ದಕ್ಕೂ ಸ್ವಲ್ಪವೇ ವ್ಯತ್ಯಾಸ. “ಅದು ಬಿಸಲಿಗೆ ಹೋಗಿರತೈತ್ರಿ,” ಅಂದ. ಸಾಹೇಬರು ನಕ್ಕರು. ಮೆಮೊ ರದ್ದು, ಸೋಮವಾರದಿಂದ ಮತ್ತೆ ಗೇಜಿನ ಕೆಲಸ. ಆರ್ಡರ್ ಟೈಪ್ ಮಾಡಿ ಕೈಗೆ ಕೊಟ್ಟೆ.

ಮುದುಕಪ್ಪ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. “ಇದನ್ನ ಊರಾಗ ಯಾರಿಗೆ ತೋರಸ್ಲಿ, ಅಕ್ಕಾರ? ಇಂಗ್ಲಿಷ್ ಓದಾವ್ರು ಯಾರದಾರ? ನೀರು ಮಾರಿದಾವ ಅಂತ ಬಾಯಿಲೆ ಅಂದಾರ. ಬಾಯಿಲೇ ಹೋಗಬೇಕದು.”

ಊರಿಗೆ ಬರ್ರಿ ಅಂತ ಅವನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

27-12-87, ಭಾನುವಾರ

ಮನೆಯವರನ್ನು ಕರೆದುಕೊಂಡು ಮುದುಕಪ್ಪನ ಊರಿಗೆ ಹೋಗಿಬಂದೆ. ಕಾರಟಗಿ ರಸ್ತೆಯಲ್ಲಿ ಬಸ್ಸಿಳಿದು ಕಾಲುವೆಯ ಏರಿಯ ಮೇಲೆ ನಡಿಗೆ. ಎರಡೂ ಕಡೆ ಭತ್ತದ ಗದ್ದೆ, ತಣ್ಣನೆ ಗಾಳಿ. ಆದರೂ ಬೆವರುತ್ತಿದ್ದೆ. ಗೇಜಿನ ಕಲ್ಲಿನ ಹತ್ತಿರ ಮೂವತ್ತು ಜನ ಸೇರಿದ್ದರು. ನನಗೆ ಮಾತಾಡಿ ರೂಢಿಯಿಲ್ಲ. ಮಾತೆಲ್ಲ ಬೆರಳಿನಲ್ಲೇ ಆಗಿಬಿಟ್ಟಿದೆ.

“ಮುದುಕಪ್ಪ ಬರೆದದ್ದು ಖರೇ ಐತ್ರಿ. ತಪ್ಪು ಮಾಡಿದಾಕಿ ನಾನು,” ಅಂದೆ. ಎರಡನೇ ಸಲ ಜೋರಾಗಿ ಅಂದೆ, ಹಿಂದಿನವರಿಗೆ ಕೇಳಿಸಿರಲಿಲ್ಲ.

ಊರಿನ ಹಿರಿಯನೊಬ್ಬ ಕೇಳಿದ: “ಹಂಗಾರ ಅಷ್ಟು ನೀರು ಎಲ್ಲಿ ಹೋಗಿತ್ರಿ ಬಾಯಾರ?”

“ಎಲ್ಲೂ ಹೋಗಿರಲಿಲ್ರಿ. ಕಾಲುವ್ಯಾಗ ಇತ್ತು. ನನ್ನ ಬೆರಳು ಅದನ್ನ ಅಳಿಸಿತ್ತು.”

ಮುದುಕಪ್ಪ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ರುಮಾಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಆ ಹಿರಿಯನೇ ಹೋಗಿ ಅವನ ಪಕ್ಕ ಕೂತು ಎಲೆಅಡಿಕೆ ಚೀಲ ಬಿಚ್ಚಿದ. ಇಬ್ಬರೂ ಹಾಕಿಕೊಂಡರು.

ಊಟಕ್ಕೆ ಅವನ ಮನೆಯಲ್ಲೇ. ಯಮನೂರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾವು ಹೋದಾಗಿನಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಅದು ಅವಳ ಹಕ್ಕು, ಅಂದುಕೊಂಡು ತಲೆ ತಗ್ಗಿಸಿ ಕೂತಿದ್ದೆ. ಎದ್ದು ಹತ್ತಿರ ಬಂದಳು.

“ಯಾ ಬೆರಳ್ರಿ ಅದು?”

ಬಲಗೈ ಚಾಚಿದೆ. ಉಂಗುರದ ಬೆರಳು ತೋರಿಸಿದೆ. ಹಿಟ್ಟಿನ ಕೈಯಲ್ಲೇ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತಿಂಗಳ ಮೇಲೆ ಬಾವಿಗೆ ಹೋಗದೆ ಕೂತವಳು. ಏನು ಅಂದರೂ ಕೇಳಲು ಸಿದ್ಧಳಿದ್ದೆ. ಹೆಂಚಿನಿಂದ ರೊಟ್ಟಿ ತೆಗೆದು ಅದೇ ಕೈಯಲ್ಲಿ ಇಟ್ಟಳು. “ಉಣ್ರಿ. ನೀವ ಬಂದು ಹೇಳಿದ್ರಿ,” ಅಂದಳು. ರೊಟ್ಟಿ ಸುಡುತ್ತಿತ್ತು. ಬಿಡಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಬಿಸಿಗೆ ಅಂತ ಮನೆಯವರು ತಿಳಿದುಕೊಂಡಿದ್ದಾರೆ, ನಾನೂ ಅದನ್ನು ತಿದ್ದಲಿಲ್ಲ.